ಕೊನೆಯ ಚೆಂಡು ಕೈಗೆ

ನಮ್ಮ ಮಾವನ ಎಡಗೈಯ ಕಿರುಬೆರಳು ಉಳಿದ ಬೆರಳುಗಳ ಜೊತೆ ಸೇರುತ್ತಿರಲಿಲ್ಲ. ಮದುವೆಮನೆಯಲ್ಲಿ ಮುನಿಸಿಕೊಂಡು ದೂರ ಕುರ್ಚಿ ಎಳೆದುಕೊಂಡ ನೆಂಟರ ಹಾಗೆ ಹೊರಕ್ಕೆ ಬಾಗಿಕೊಂಡು ತನ್ನ ಪಾಡಿಗೆ ತಾನಿರುತ್ತಿತ್ತು. ಕಾಫಿ ಲೋಟ ಹಿಡಿದರೂ ಅದೊಂದು ಗಾಳಿಯಲ್ಲೇ ಇರುತ್ತಿತ್ತು. ಚಿಕ್ಕವಳಿದ್ದಾಗ ನಾನು ಅದನ್ನೇ ಹಿಡಿದುಕೊಂಡು ಶ್ರೀರಾಂಪುರದ ರಸ್ತೆ ದಾಟುತ್ತಿದ್ದೆ. ನನಗೆ ಹಿಡಿಯಲು ಸಿಗಲಿ ಅಂತಲೇ ಆ ಬೆರಳು ಹಾಗಿದೆ ಅಂದುಕೊಂಡಿದ್ದೆ.

"ಇದ್ಯಾಕೆ ಮಾವ ಹಿಂಗಾಯ್ತು?" ಅಂತ ಕೇಳಿದರೆ, "ಚೆಂಡು ಬಡ್ದು ಮುರೀತು ಕಣೇ. ಅದೂ ಮ್ಯಾಚಲ್ಲಲ್ಲ, ಪ್ರಾಕ್ಟೀಸಲ್ಲಿ" ಅಂತ ನಗುತ್ತಿದ್ದ. ಆ ನಗುವಿನಲ್ಲಿ ಅವನ ಇಡೀ ವೃತ್ತಿಯ ಕಥೆಯೇ ಇತ್ತು ಅಂತ ಆಗ ನನಗೆ ತಿಳಿದಿರಲಿಲ್ಲ.

ಅವನು ಅಮ್ಮನ ತಮ್ಮ. ನಮ್ಮ ಅಜ್ಜಿಯ ಊರಿನ ಕಡೆ ಯಾರಾದರೂ ಉದ್ದಕ್ಕೆ ಬೆಳೆದರೆ ಮಾವಿನಕಾಯಿ ಕೀಳಲು ಕರೆಯುತ್ತಿದ್ದರಂತೆ. ಮಾವನನ್ನು ಮಾತ್ರ ಕಾಲೇಜಿನವರು ಗೋಲಿನ ಮುಂದೆ ನಿಲ್ಲಿಸಿದರು. ಅಲ್ಲಿಂದ ಬೆಂಗಳೂರಿನ ಫುಟ್‌ಬಾಲ್ ಕ್ಲಬ್ಬಿಗೆ ಹೋದ. ಅಲ್ಲಿಗೆ ಬಂದಿದ್ದ ವಿದೇಶಿ ಕೋಚ್ ಒಬ್ಬರು ಇವನ ಕೈಚಳಕ ನೋಡಿ ಫಿನ್‌ಲೆಂಡಿನ ಒಂದು ಸಣ್ಣ ಊರಿಗೆ ಕರೆದುಕೊಂಡು ಹೋದರು. ಊರಿಗೆ ಒಂದು ಕೆರೆ, ಕೆರೆಯ ಪಕ್ಕ ಒಂದು ಮೈದಾನ, ಮೈದಾನಕ್ಕೆ ಒಂದು ಕ್ಲಬ್ಬು. ಆ ಕ್ಲಬ್ಬಿನಲ್ಲಿ ಮಾವ ಎರಡನೇ ಗೋಲ್‌ಕೀಪರ್.

ಎರಡನೆಯವನು ಅಂದರೆ ಏನು ಅಂತ ನಮ್ಮ ಮನೆಯವರಿಗೆ ಅರ್ಥವಾಗುವಷ್ಟರಲ್ಲಿ ಒಂದು ಸೀಸನ್ನೇ ಮುಗಿದಿತ್ತು. ಗೋಲಿನಲ್ಲಿ ನಿಲ್ಲುವವನು ಒಬ್ಬನೇ. ಅವನಿಗೆ ಪೆಟ್ಟಾದರೆ, ಜ್ವರ ಬಂದರೆ, ಇಲ್ಲವೇ ಮೇಲಿಂದ ಮೇಲೆ ತಪ್ಪು ಮಾಡಿದರೆ ಮಾತ್ರ ಎರಡನೆಯವನಿಗೆ ಪಾಳಿ. ಅಲ್ಲಿಯತನಕ ದಪ್ಪ ಕೋಟು ಹಾಕಿಕೊಂಡು ಬೆಂಚಿನ ಮೇಲೆ ಕೂತಿರಬೇಕು. ಆ ಮೊದಲನೆಯವನೋ, ಒಂದು ಸೀನೂ ಸೀನದ ಆಸಾಮಿ.

ಮ್ಯಾಚಿದ್ದ ದಿನ ನಮ್ಮ ಊಟದ ಹೊತ್ತಿಗೆ ಅಲ್ಲಿ ಇನ್ನೂ ಬಿಸಿಲು. ಫೋನನ್ನು ಉಪ್ಪಿನಕಾಯಿ ಭರಣಿಗೆ ಒರಗಿಸಿ ಎಲ್ಲರೂ ನೋಡುತ್ತಿದ್ದೆವು. ಆಟ ಶುರುವಾಗುವ ಮುಂಚೆ ಹಳದಿ ಅಂಗಿ ತೊಟ್ಟ ಮಾವ ಪರದೆಯ ಮೂಲೆಯಲ್ಲಿ ಒಂದಿಷ್ಟು ಹೊತ್ತು ಕಾಣಿಸುತ್ತಿದ್ದ, ಆಮೇಲೆ ಇಲ್ಲ. ಕೆರೆಯಿಂದ ಮಂಜು ಎದ್ದು ಮೈದಾನದ ಮೇಲೆ ಹರಡಿದರೆ ಅಜ್ಜಿ ಸೆರಗಿನಲ್ಲಿ ಫೋನು ಒರೆಸುತ್ತಿದ್ದಳು. ಅದು ಫೋನಿನ ಮೇಲಿನ ಮಂಜಲ್ಲ ಅಂತ ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲ. ಒರೆಸಿ, ಬಗ್ಗಿ ನೋಡಿ, ಮತ್ತೆ ಒರೆಸುತ್ತಿದ್ದಳು.

ಅಮ್ಮ ದೇವರಿಗೆ ದೀಪ ಹಚ್ಚುವಾಗ ಗೊಣಗುತ್ತಿದ್ದಳು: "ಆ ಮೊದಲನೆಯವನಿಗೆ ಒಂದಿನ ನೆಗಡಿನಾದ್ರೂ ಬರಬಾರ್ದಾ ದೇವ್ರೆ. ಜಾಸ್ತಿ ಬೇಡ, ನೆಗಡಿ ಸಾಕು."

"ಅವ್ನೂ ಯಾರೋ ಹೆತ್ತ ಮಗ ಕಣೆ, ಬುಡು," ಅಂತ ಅಜ್ಜಿ ಗದರುತ್ತಿದ್ದಳು.

ನಾನು ಆಟದ ಮಧ್ಯೆಯೇ ನಿದ್ದೆಹೋಗುತ್ತಿದ್ದೆ. ನಿದ್ದೆಯಲ್ಲಿ ಆ ಹಸಿರು ನಮ್ಮ ನಡುಮನೆಯ ತನಕ ಬರುತ್ತಿತ್ತು. ಮುಳುಗಲು ಮರೆತ ಸೂರ್ಯ, ಸದ್ದಿಲ್ಲದ ಜನ, ಮಂಜಿನೊಳಗೆ ಎರಡೂ ಕೈ ಚಾಚಿ ಗೋಲಿನಲ್ಲಿ ನಿಂತ ಮಾವ. ಚೆಂಡು ಬರುತ್ತಲೇ ಇರಲಿಲ್ಲ. ಅವನು ಮಾತ್ರ ಕೈ ಇಳಿಸುತ್ತಿರಲಿಲ್ಲ. ಈಗಲೂ ಕೆಲವು ಬೆಳಿಗ್ಗೆ ಎಚ್ಚರವಾಗುವಾಗ ಆ ಬೆಳಕು ಕಣ್ಣೊಳಗೆ ಇರುತ್ತದೆ.

"ಆಟಕ್ಕೆ ಮುಂಚೆ ಅಲ್ಲೇನು ಮಾಡ್ತೀಯ ಮಾವ?" ಅಂತ ಒಮ್ಮೆ ವಿಡಿಯೋ ಕಾಲಿನಲ್ಲಿ ಕೇಳಿದ್ದೆ.

"ಮೊದಲನೆಯವನಿಗೆ ಚೆಂಡು ಹೊಡ್ದು ಹೊಡ್ದು ಮೈ ಬಿಸಿ ಮಾಡ್ತೀನಿ. ಎಡಕ್ಕೆ, ಬಲಕ್ಕೆ, ಮೇಲಕ್ಕೆ, ಎಷ್ಟು ಕಷ್ಟ ಬೇಕಾದ್ರೂ ಕೊಡ್ಬೋದು. ಕೊನೇ ಚೆಂಡು ಮಾತ್ರ ಕೈಗೇ ಹಾಕ್ಬೇಕು. ಹಿಡ್ದೆ ಅನ್ಕೊಂಡೇ ಅವ್ನು ಆಟಕ್ಕೆ ಹೋಗ್ಬೇಕು. ಬಿಟ್ಟೆ ಅನ್ಕೊಂಡು ಹೋಗ್ಬಾರ್ದು."

ಕರಾರಿನ ಕೊನೆಯ ಸೀಸನ್ನಿನಲ್ಲಿ ಆ ಮೊದಲನೆಯವನು ಕೊನೆಗೂ ಎಡವಿದ. ಸುಲಭವಾಗಿ ಹಿಡಿಯಬಹುದಾದ ಚೆಂಡುಗಳನ್ನೂ ಮೇಲಿಂದ ಮೇಲೆ ಬಿಟ್ಟ. ಮುಂದಿನ ಮ್ಯಾಚಿಗೆ ಯಾರು ಅನ್ನುವುದನ್ನು ಆಟಕ್ಕೆ ಮುಂಚಿನ ಅಭ್ಯಾಸ ನೋಡಿ ಹೇಳುತ್ತೇನೆ ಅಂದರಂತೆ ಕೋಚ್. ಮಾವ ಫೋನು ಮಾಡಿ, "ಅಕ್ಕ, ಇವತ್ತು ಆಗ್ಬೋದು" ಅಂದ. ಅಷ್ಟೇ ಅಂದಿದ್ದು. ಅಮ್ಮ ಶಾವಿಗೆ ಪಾಯಸ ಮಾಡಿದಳು. ಅಜ್ಜಿ ಮಂಜಿಲ್ಲದಿದ್ದರೂ ಫೋನು ಒರೆಸಿಟ್ಟಳು. ಆಟ ಶುರುವಾಯಿತು. ಗೋಲಿನಲ್ಲಿ ನಿಂತಿದ್ದವನು ಅದೇ ಮೊದಲನೆಯವನು. ಅಮ್ಮ ಪಾಯಸದ ಪಾತ್ರೆಗೆ ತಟ್ಟೆ ಮುಚ್ಚಿ ಎದ್ದು ಹೋದಳು.

ಕರಾರು ಮುಗಿಸಿಕೊಂಡು ಮಾವ ವಾಪಸು ಬಂದ. ಅಷ್ಟು ವರ್ಷ ವಿದೇಶದ ಕ್ಲಬ್ಬಿನಲ್ಲಿದ್ದ ನಮ್ಮ ಗೋಲ್‌ಕೀಪರ್ ಒಂದೇ ಒಂದು ಮ್ಯಾಚಿನಲ್ಲೂ ಗೋಲಿನಲ್ಲಿ ನಿಂತಿರಲಿಲ್ಲ. ಆವತ್ತು ಏನಾಯಿತು ಅಂತ ಒಂದು ಸಂಜೆ ತಾರಸಿಯಲ್ಲಿ ಅವನೇ ಹೇಳಿದ. ಅಮ್ಮ ಒಣಗಿದ ಬಟ್ಟೆ ಮಡಿಸುತ್ತಿದ್ದಳು.

"ಆ ಮೊದಲನೆಯವ್ನು ಆಗ್ಲೇ ಎರಡು ಚೆಂಡು ಬಿಟ್ಟಿದ್ದ ಅಕ್ಕ. ಕೋಚ್ ಹಿಂದೆನೇ ನಿಂತು ನೋಡ್ತಿದ್ರು. ಇನ್ನೊಂದೇ ಚೆಂಡು, ನನ್ನ ಕಾಲತ್ರ ಇತ್ತು. ಎಡಗಡೆ ಮೇಲ್ಗಡೆ ಹೊಡೆದ್ರೆ ಅವ್ನು ಬಿಡ್ತಾನೆ ಅಂತ ನಂಗೆ ಗೊತ್ತಿತ್ತು. ಬಿಟ್ಟಿದ್ರೆ ನಾನೇ ನಿಲ್ತಿದ್ದೆ."

"ಹೊಡೀಬೇಕಿತ್ತು!" ಅಂದಳು ಅಮ್ಮ.

"ಹೊಡ್ದೆ. ಅವನ ಎದೆಗೇ ಹೊಡ್ದೆ. ತಬ್ಕೊಂಡ."

ಅಮ್ಮನ ಕೈಯಲ್ಲಿದ್ದ ಪಂಚೆ ಜಾರಿತು. "ದಡ್ಡ ಕಣೋ ನೀನು. ಇಂಥಾ ದಡ್ಡನ್ನ ನಾನು ಕಾಣ್ನಿಲ್ಲ."

ನನಗೂ ಸಿಟ್ಟು ಬಂದಿತ್ತು. ಆ ಪಾಯಸದ ಪಾತ್ರೆಯನ್ನು ನಾನು ಮರೆತಿರಲಿಲ್ಲ. "ನಿಂಗೆ ಆಸೆನೇ ಇರ್ಲಿಲ್ವಾ ಮಾವ?" ಅಂತ ಕೇಳಿದೆ.

"ಆಸೆ ಇಲ್ದೇನೆ ಅಷ್ಟು ದೂರ ಯಾರು ಹೋಗ್ತಾರೆ ಕಣೇ?" ಅಂದ. ಬಿದ್ದ ಪಂಚೆಯನ್ನು ಎತ್ತಿ ಅಮ್ಮನ ಕೈಗೆ ಕೊಟ್ಟು, ಚಾಮುಂಡಿ ಬೆಟ್ಟದ ದೀಪಗಳ ಕಡೆ ತಿರುಗಿದ. "ಕೊನೇದು ಕೈಗೇ ಬರುತ್ತೆ ಅಂತ ನಂಬ್ಕೊಂಡು ಕೈ ಚಾಚಿದ್ದ ಅವ್ನು. ಎಲ್ಲಾ ಮ್ಯಾಚಿಗೂ ನಾನೇ ಹಂಗೆ ಅಭ್ಯಾಸ ಮಾಡ್ಸಿದ್ದೆ. ಚಾಚಿದ ಕೈ ನೋಡ್ಕೊಂಡು ಬೇರೆ ಕಡೆ ಹೊಡಿಯಾಕೆ ಆಗ್ನಿಲ್ಲ."

ಆಮೇಲೆ ಅವನು ಬೆಳಗಿನ ಹೊತ್ತು ಕುವೆಂಪುನಗರದ ಒಂದು ಮೈದಾನದಲ್ಲಿ ಮಕ್ಕಳಿಗೆ ಆಟ ಕಲಿಸತೊಡಗಿದ. ಬೈಯುವುದರಲ್ಲಿ ಏನೂ ಕಡಿಮೆ ಇರಲಿಲ್ಲ. ಆದರೆ ಸೋತು ಸುಣ್ಣವಾದ ಮಗುವೂ ಒಂದು ಚೆಂಡು ಹಿಡಿದೇ ಮನೆಗೆ ಹೋಗಬೇಕಿತ್ತು. ಮನೆಯಲ್ಲೂ ಅಷ್ಟೇ, ಸ್ಕೂಟರಿನ ಕೀಲಿಯನ್ನು ಎಸೆದವನಲ್ಲ, ಅಂಗೈ ಚಾಚಿದ್ದಾರೋ ಇಲ್ಲವೋ ನೋಡಿ ಅದರಲ್ಲಿ ಇಡುತ್ತಿದ್ದ. ನನಗೆ ಪರೀಕ್ಷೆ ಅಂದರೆ ಓದಿದ್ದೆಲ್ಲ ಬಾಗಿಲಲ್ಲೇ ಮರೆತುಹೋಗುತ್ತಿತ್ತು. ಸ್ಕೂಟರಿನಲ್ಲಿ ಕೂರಿಸಿಕೊಂಡು ದಾರಿಯುದ್ದಕ್ಕೂ ಕಷ್ಟದ ಪ್ರಶ್ನೆಗಳನ್ನೇ ಕೇಳುತ್ತಿದ್ದ. ಗೇಟಿನ ಹತ್ತಿರ ಇಳಿಸಿ ಗಂಭೀರವಾಗಿ, "ಕೊನೇ ಪ್ರಶ್ನೆ. ಫೋನ್ ಮೇಲಿನ ಮಂಜು ಒರೆಸೋರು ಯಾರು?" ಅನ್ನುತ್ತಿದ್ದ. "ಅಜ್ಜಿ!" ಅಂತ ನಗುತ್ತಾ ಒಳಗೆ ಓಡುತ್ತಿದ್ದೆ. ಇವತ್ತು ನಾನೂ ಒಬ್ಬ ಟೀಚರ್. ಆ ನಗು ಇಲ್ಲದಿದ್ದರೆ ನಾನು ಎಷ್ಟೋ ಗೇಟುಗಳನ್ನು ದಾಟುತ್ತಿರಲಿಲ್ಲ.

ಹೋದ ವರ್ಷ ಅವನಿಗೆ ಸ್ಟ್ರೋಕ್ ಆಯಿತು. ಬಲಭಾಗ ಪೂರ್ತಿ ಸೋತಿತು, ಮಾತು ತೊದಲಿತು. ಬಲಗೈಗೆ ಅಭ್ಯಾಸ ಮಾಡಿಸಿ ಅಂತ ಫಿಸಿಯೋಥೆರಪಿಯವರು ಒಂದು ಮೆತ್ತನೆಯ ಚೆಂಡು ಕೊಟ್ಟಿದ್ದರು. ಶಾಲೆ ಮುಗಿಸಿ ಬಂದು ದಿನಾ ಮಂಚದ ಪಕ್ಕ ಕೂತು ಆ ಕೈಗೆ ಚೆಂಡು ಹಾಕುತ್ತಿದ್ದೆ. ಅವನು ಒಂದನ್ನೂ ಹಿಡಿಯುತ್ತಿರಲಿಲ್ಲ. ಹಿಡಿದೇ ಹಿಡಿಯುತ್ತಾನೆ ಅನ್ನುವ ಹಟ ನನಗೆ. ಹೊದಿಕೆಯ ಮೇಲೆ ಬಿದ್ದದ್ದನ್ನು ತೆಗೆದು ಮತ್ತೆ ಹಾಕುತ್ತಿದ್ದೆ.

ಒಂದು ಸಂಜೆ ಅವನು ತುಂಬಾ ದಣಿದಿದ್ದ. "ಸಾಕು... ಕೊನೇದು" ಅಂದ. ನಾನು ಇನ್ನೂ ಹತ್ತಿರ ಸರಿದೆ. ಅಂಗೈಯನ್ನು ಬಿಡಿಸಿ, ಚೆಂಡನ್ನು ಅದರೊಳಗೇ ಇಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದೆ. "ಹಿಡಿದ್ಬುಟ್ಟೆ ನೋಡು ಮಾವ" ಅಂದೆ.

ಅವನು ಚೆಂಡನ್ನು ನೋಡಿದ, ನನ್ನನ್ನು ನೋಡಿದ. ಮುಖದ ಅರ್ಧಭಾಗ ಮಾತ್ರ ನಕ್ಕಿತು. "ಗೊತ್ತಾಯ್ತು... ಬುಡು" ಅಂದ.

ಆಮೇಲೆ ಎಡಗೈಯನ್ನು ನಿಧಾನವಾಗಿ ತಂದು ಚೆಂಡನ್ನು ತೆಗೆದುಕೊಂಡ. ಕಿರುಬೆರಳು ಎಂದಿನಂತೆ ಹೊರಗೇ ಇತ್ತು. ನನ್ನ ಕಡೆ ನೋಡುತ್ತಾ ಸುಮ್ಮನೆ ಕಾದ. ಯಾಕೆ ಕಾಯುತ್ತಿದ್ದಾನೆ ಅಂತ ನನಗೆ ತಕ್ಷಣ ಹೊಳೆಯಲಿಲ್ಲ. ಹೊಳೆದ ಮೇಲೆ ಎರಡೂ ಕೈ ಚಾಚಿದೆ. ಆಗ ಎಸೆದ.

ಅದಾಗಿ ಎರಡು ದಿನಕ್ಕೆ, ಬೆಳಗಿನ ಜಾವ, ನಿದ್ದೆಯಲ್ಲೇ ಹೋದ. ಆವತ್ತು ಅವನು ಎಸೆದ ಚೆಂಡು ನೇರವಾಗಿ ನನ್ನ ಕೈಗೇ ಬಂದಿತ್ತು. ನಾನು ಅದನ್ನು ಹಿಡಿದೆ.