ಟಗರಿನ ಗಂಟೆಗೆ ತುರುಕಿದ ಬಟ್ಟೆ

ಆಗೆಲ್ಲ ಬೇಸಿಗೆ ಬಂತೆಂದರೆ ನಮ್ಮ ಸಂಸಾರ ಎಕಂಬಾದ ಮನೆ ಬಿಟ್ಟು ಹೊಲಗಳಲ್ಲೇ ಇರುತ್ತಿತ್ತು. ಬೆಳೆ ಕೊಯ್ದ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿದರೆ ಹಿಕ್ಕೆಯೆಲ್ಲ ಗೊಬ್ಬರ. ಹೊಲದವರು ಬದಲಿಗೆ ಜೋಳ ಕೊಡುತ್ತಿದ್ದರು. ಮೂರು ಕಲ್ಲಿನ ಒಲೆ, ಬಿಸಿ ರೊಟ್ಟಿ, ಕಂಬಳಿ ತುಂಬ ಕುರಿಯ ವಾಸನೆ.

ನಾನು ಐದನೆಯ ತರಗತಿಗೇ ಶಾಲೆ ಬಿಟ್ಟು ಕುರಿಗಳ ಹಿಂದೆ ಹೋದವನು. ತಂಗಿ ಮಾಳವ್ವ ಆ ವರ್ಷ ಐದನೆಯದು ಮುಗಿಸುತ್ತಿದ್ದಳು. ಅಪ್ಪ ಮರಿ ಮಾರಲು ಬೀದರಿಗೆ ಹೋಗಿದ್ದ ಒಂದು ಸಂಜೆ ಅವಳ ಮಾಸ್ತರರು ಸೈಕಲ್ ಮೇಲೆ ಹೊಲಕ್ಕೇ ಬಂದರು.

"ನಾಳಿ ಔರಾದದಾಗ ವಸತಿ ಸಾಲಿ ಪರೀಕ್ಷಾ ಅದ. ಪಾಸಾದ್ರ ಆರನೇದು ಅಲ್ಲೇ ಇದ್ದು ಓದ್ತಾಳ. ನಿಮ್ಮಪ್ಪ ಹೂಂ ಅಂದಾನ. ಮುಂಜಾನಿ ಕರ್ಕೊಂಡು ಹೋಗ್ಲಾಕ ಬರ್ತೇನಿ, ತಯಾರ ಇರು ಅಂತ ಆಕಿಗಿ ಹೇಳು."

"ಹೇಳ್ತೇನಿರಿ ಸರ್," ಎಂದೆ.

ಹೇಳಲಿಲ್ಲ. ಅವಳು ಹೋದರೆ ಮರಿಗಳನ್ನು ನೋಡುವವರು ಯಾರು ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ನಿಜ ಬೇರೆಯಿತ್ತು. ನನಗೆ ಸಿಗದ ಆರನೆಯ ತರಗತಿ ಅವಳಿಗೂ ಸಿಗಬಾರದಿತ್ತು.

ನಸುಕಿನಲ್ಲೇ ರುಮಾಲಿನ ಅಂಚು ಹರಿದು ಟಗರಿನ ಕೊರಳ ಗಂಟೆಗೆ ತುರುಕಿದೆ. ಸಪ್ಪಳ ಇಲ್ಲದಿದ್ದರೆ ಮಾಸ್ತರರು ನಮ್ಮನ್ನು ಎಲ್ಲಿ ಹುಡುಕುತ್ತಾರೆ? ಹಿಂಡನ್ನು ದಿಬ್ಬದ ಆಚೆಗೆ ಹೊಡೆದೆ.

"ಯಾಕಣ್ಣಾ, ಇಷ್ಟ ಲಗೂ?"

"ಬಿಸಿಲ ಏರ್ತದ, ನಡಿ ಸುಮ್ಮ."

ಮಾಳವ್ವ ಟಗರಿನ ಕೊರಳ ಮೇಲೆ ಕೈಯಿಟ್ಟುಕೊಂಡು ನಡೆದಳು.

ಹೊತ್ತು ಹುಟ್ಟುವಾಗ ಗಂಟೆ ಠಣ್ ಠಣ್ ಎಂದಿತು. ಟಗರನ್ನು ಹಿಡಿಯಲು ಓಡಿದೆ, ಅದು ಕೈಗೆ ಸಿಗಲಿಲ್ಲ. ಅಷ್ಟರಲ್ಲಿ ಸೈಕಲ್ ಬಂದೇಬಿಟ್ಟಿತು.

"ಕುರಿ ಕದ್ದಾವನ ಹಾಂಗ ಎಲ್ಲಿಗಿ ಹೊಂಟೀಯೋ? ಗಂಟಿ ಕೇಳ್ದಿದ್ರ ನಾ ಹ್ಯಾಂಗ ಹುಡುಕ್ಲಿ?"

"ಮರ್ತೇನ್ರಿ ಸರ್."

ಮಾಳವ್ವ ಆಗಲೇ ಹೊತ್ತು ತಂದಿದ್ದ ಕೊಡದ ನೀರಲ್ಲಿ ಮುಖ ತೊಳೆದಿದ್ದಳು. ಕುರಿವಾಸನೆಯ ಲಂಗದಲ್ಲೇ ಸೈಕಲ್ ಏರಿ ಹೋದಳು. ಪಾಸಾದಳು.

ಈಗ ಅವಳು ಬೀದರಿನಲ್ಲಿ ಆರು, ಏಳನೆಯ ತರಗತಿಯ ಮಕ್ಕಳಿಗೆ ಗಣಿತ ಕಲಿಸುತ್ತಾಳೆ. ನಾನು ಅದೇ ಊರಿನ ಗಾಂಧಿ ಗಂಜದ ಕಾಳಿನ ಪೇಟೆಯಲ್ಲಿ ಚೀಲ ಹೊರುತ್ತೇನೆ. ಮೈಲೂರ ಬಡಾವಣೆಯ ಅವಳ ಮನೆಯಲ್ಲಿ ಉಂಡಾಗಲೆಲ್ಲ ಆ ಬಟ್ಟೆ ಗಂಟಲಲ್ಲೇ ಸಿಕ್ಕಂತಾಗುತ್ತಿತ್ತು. ಮೊನ್ನೆ ತಾಳಲಾರದೆ ಎಲ್ಲ ಹೇಳಿಬಿಟ್ಟೆ.

ಅವಳು ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

"ಸರ್ ಬಂದಾಗ ನಾ ಕುರಿ ತಟ್ಟಿ ಹಿಂದ ಮರಿಗಿ ಹಾಲು ಕುಡಿಸ್ಲತ್ತಿದ್ದೆ. ಎಲ್ಲಾ ಕೇಳೀನಿ. ಆ ಬಟ್ಟಿ ತಾನಾಗೇ ಬಿತ್ತು ಅನ್ಕೊಂಡಿಯೇನು?"

"ಮತ್ತ ಅಪ್ಪಗ ಯಾಕ ಹೇಳ್ಲಿಲ್ಲ?"

"ಹೇಳಿದ್ರ ಅಪ್ಪ ನಿನ್ನ ಕಾಲು ಮುರೀತಿದ್ದ. ಆಮ್ಯಾಲ ಕುರಿ ಯಾರು ಕಾಯ್ಬೇಕು, ನಾನಾ?"

ನಗುತ್ತ ನಗುತ್ತ ನನ್ನ ಕಣ್ಣಲ್ಲಿ ನೀರು ಬಂತು. ಎಷ್ಟೋ ವರ್ಷಗಳ ನಂತರ ಹೊಟ್ಟೆ ತುಂಬ ಉಂಡೆ.

ಎಕಂಬಾದ ಹೊಲಗಳಿಗೆ ಈಗ ಚೀಲದ ಗೊಬ್ಬರ ಬರುತ್ತದೆ. ನಮ್ಮ ಹಿಂಡಿಲ್ಲ, ಆ ಟಗರಿಲ್ಲ, ನಸುಕಿನ ಗಂಟೆಯ ಸಪ್ಪಳವೂ ಇಲ್ಲ. ಅಂದು ಅದು ಕಿವಿಗೆ ಬಿದ್ದಾಗ ನಡುಗಿದ್ದೆ. ಈಗ ನೆನೆದರೆ, ಸದ್ಯ, ಕೇಳಿಸಿತಲ್ಲ ಅನ್ನಿಸುತ್ತದೆ.