ತಲೆದಿಂಬು ಹೇಳಿದ ಸಾಕ್ಷಿ

2024ರ ಮೇ ತಿಂಗಳ ಒಂದು ಗುರುವಾರ. ಊರು ಸೇಲಂ, ಗುಗೈ ಬಡಾವಣೆ. ನನ್ನ ಹುದ್ದೆ ಗೃಹಿಣಿ. ಆ ಹುದ್ದೆಯಲ್ಲಿ ಅದು ಇಪ್ಪತ್ತಾರನೆಯ ವರ್ಷ. ಬೆಳಗ್ಗೆ ಐದೂವರೆಗೆ ಎದ್ದವಳು ಎಂದಿನಂತೆ ಮೊದಲು ನೋಡಿದ್ದು ನಮ್ಮವರ ಯಾವ ಕಿವಿ ದಿಂಬಿನ ಮೇಲಿದೆ ಎಂದು. ಎಡಗಿವಿ ದಿಂಬಿಗಿತ್ತು. ಹಾಗಿದ್ದರೆ ನಾನು ಹಿತ್ತಾಳೆ ಕೊಡ ಬೀಳಿಸಿದರೂ ಅವರು ಏಳುವುದಿಲ್ಲ. ಬಲಗಿವಿ ದಿಂಬಿಗಿದ್ದ ದಿನ ಮಾತ್ರ ನಾನು ಮೆಲ್ಲಗೆ ಓಡಾಡಬೇಕು.

ಅದು ನಲ್ಲಿಯಲ್ಲಿ ನೀರು ಬರುವ ದಿನ. ಏಳು ಕೊಡ ತುಂಬಿಸಿ, ಬಾಗಿಲಿಗೆ ರಂಗೋಲಿ ಹಾಕಿ, ಇಡ್ಲಿ ಬೇಯಲು ಇಟ್ಟೆ. ಅತ್ತೆ ಎದ್ದು ಮುಖ ತೊಳೆದು, ನಡುಮನೆಯಲ್ಲಿದ್ದ ಮಗ್ಗದ ಸುತ್ತ ಗುಡಿಸಿದರು. ಮಗ್ಗದ ಮೇಲೆ ಹಳೆಯ ಹೂವಿನ ಬೆಡ್‌ಶೀಟು ಹೊದಿಸಿತ್ತು. ಅದರ ಮೇಲಿನ ಧೂಳನ್ನು ಕೊಡವಿ, ಮೂಲೆಗಳನ್ನು ಎಳೆದು ಸರಿಮಾಡಿ, ಮತ್ತೆ ಅದರ ಕಡೆ ನೋಡದೆ ಅಡುಗೆಮನೆಗೆ ಬಂದರು. ಹದಿನಾಲ್ಕು ತಿಂಗಳಿಂದ ದಿನವೂ ಹೀಗೆಯೇ.

ಹನ್ನೊಂದರ ಸುಮಾರಿಗೆ ಪೋಸ್ಟ್‌ಮ್ಯಾನ್ ರಿಜಿಸ್ಟರ್ ಲಕೋಟೆ ತಂದ. ನಮ್ಮವರು ಸಹಿ ಹಾಕಿ, ಒಡೆಯದೆ ನನ್ನ ಕೈಗಿಟ್ಟರು. ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಅದನ್ನು ಹಿಡಿದು ನಿಂತೆ. ಒಡೆಯಲು ಧೈರ್ಯ ಬರಲಿಲ್ಲ. ಏಕೆಂದರೆ ಇದಕ್ಕೆ ಮೊದಲು ಬಂದ ಲಕೋಟೆಯಿಂದಲೇ ಮಗ್ಗಕ್ಕೆ ಬೆಡ್‌ಶೀಟು ಬಿದ್ದದ್ದು. ಅದಕ್ಕೆ ಕಾರಣ ನಾನು.

ನಮ್ಮವರ ಹೆಸರು ಮಾದೇಶ. ತಲೆಮಾರುಗಳಿಂದ ಸೇಲಂನಲ್ಲೇ ನೆಲೆಸಿದ ಕನ್ನಡ ಮಾತಿನ ನೇಕಾರರ ಮನೆಯ ಮಗ. ಹತ್ತೊಂಬತ್ತಕ್ಕೆ ಸೈನ್ಯ ಸೇರಿ, ಆರ್ಟಿಲರಿ ಎಂಬ ಫಿರಂಗಿ ದಳದಲ್ಲಿ ಇಪ್ಪತ್ನಾಲ್ಕು ವರ್ಷ ದುಡಿದು, 2018ರಲ್ಲಿ ಹವಿಲ್ದಾರರಾಗಿ ನಿವೃತ್ತರಾದರು. ಬಿಡುಗಡೆಯ ವೈದ್ಯಕೀಯ ಪರೀಕ್ಷೆಯಲ್ಲಿ "ಏನಾದರೂ ತೊಂದರೆ?" ಎಂದು ಕೇಳಿದ್ದಕ್ಕೆ ಎದೆ ಸೆಟೆಸಿ "ಇಲ್ಲ ಸಾರ್" ಎಂದು ಬಂದಿದ್ದರು. ಕಿವಿಯೊಳಗೆ ಹಗಲಿರುಳೂ ಜೀರುಂಡೆ ಕೂಗುತ್ತಿದ್ದದ್ದನ್ನು ಹೇಳಿಕೊಳ್ಳಲು ನಾಚಿಕೆ. ಮೂರು ವರ್ಷದಲ್ಲಿ ಟಿ.ವಿ.ಯ ಸದ್ದು ಬೀದಿಗೆ ಕೇಳುವಷ್ಟಾಯಿತು. ಮಾಜಿ ಸೈನಿಕರ ಚಿಕಿತ್ಸಾಲಯದ ಡಾಕ್ಟರು ಆಡಿಯೋಗ್ರಾಂ ತೆಗೆಸಿದರು. ಕಿವಿಗೆ ಎಷ್ಟು ಸಣ್ಣ ಸದ್ದು ಕೇಳುತ್ತದೆ ಎಂದು ಗ್ರಾಫ್ ಕಾಗದದಲ್ಲಿ ಗುರುತಿಸುವ ಪರೀಕ್ಷೆ ಅದು. "ಇದು ಫಿರಂಗಿಯ ಕಿವಿ. ಕ್ಲೇಮು ಹಾಕಿ" ಎಂದರು. ನಿವೃತ್ತಿಯ ಮೇಲೆ ಕಾಣಿಸಿಕೊಂಡ ಕಾಯಿಲೆಗೂ ಸೇವೆಯೇ ಕಾರಣ ಎಂದು ತೋರಿಸಿಕೊಟ್ಟರೆ ಅದನ್ನು ಅಂಗವೈಕಲ್ಯ ಎಂದು ಒಪ್ಪುತ್ತಾರೆ.

2022ರ ನವೆಂಬರಿನಲ್ಲಿ ಅರ್ಜಿ ತುಂಬಿದವಳು ನಾನು. ಮೊರಪ್ಪೂರಿನ ರೈಲ್ವೆ ನೌಕರರ ಮಗಳು. ಧರ್ಮಪುರಿಯ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿನ ಸಿಸ್ಟರ್ ನಮಗೆ ಕಲಿಸಿದ ಮೊದಲ ಶಿಸ್ತು, ಕಾಗದದಲ್ಲಿ ಖಾಲಿ ಜಾಗ ಬಿಡಬಾರದು ಎಂಬುದು. ಫಾರಂನಲ್ಲಿ 'ಕುಟುಂಬದ ಕಸುಬು' ಎಂದೊಂದು ಸಾಲಿತ್ತು. ಮುತ್ತಿನಂಥ ಇಂಗ್ಲಿಷ್ ಅಕ್ಷರದಲ್ಲಿ "ನೇಯ್ಗೆ. ಮನೆಯಲ್ಲೇ ಮಗ್ಗವಿದೆ" ಎಂದು ಬರೆದೆ. ಬರೆದು ಹೆಮ್ಮೆಯನ್ನೂ ಪಟ್ಟೆ.

2023ರ ಮಾರ್ಚಿನಲ್ಲಿ ಉತ್ತರ ಬಂತು. ಅತ್ತೆ ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕೂತು ಬಿಳಿ ರೇಷ್ಮೆ ಪಂಚೆ ನೇಯುತ್ತಿದ್ದರು. "ಏನ್ ಬರ್ದವ್ರೆ, ಓದು ಕಣ್ಣು" ಎಂದರು. 'ಕಣ್ಣು' ಎಂಬುದು ನಮ್ಮ ಕಡೆ ಮುದ್ದಿನ ಕರೆ. ನಾನು ಒಂದು ಸಾಲೂ ಬಿಡದೆ ಕನ್ನಡ ಮಾಡಿ ಓದಿದೆ: ಅರ್ಜಿದಾರರು ಮಗ್ಗವಿರುವ ಮನೆಯಲ್ಲಿ ಬಾಲ್ಯದಿಂದ ಆ ಗದ್ದಲದ ನಡುವೆ ಬೆಳೆದವರು, ಕಿವಿಯ ದೋಷಕ್ಕೆ ಅದು ಕಾರಣವಿರಬಹುದು, ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಹೆಚ್ಚಿದ್ದೂ ಅಲ್ಲ.

ಲಾಳಿ ಅತ್ತೆಯ ಕೈಯಲ್ಲೇ ನಿಂತಿತು.

"ಅಂಗಾದ್ರೆ ನನ್ ಮಗ್ಗಾನೇ ಮಾದು ಕಿವಿ ತಿಂದದ್ದಾ?"

"ಅಂಗಲ್ಲ ಅತ್ತೆ, ಅವ್ರು ಗೊತ್ತಿಲ್ದೆ..."

"ತೊಟ್ಲು ಇಲ್ಲೇ ಕಟ್ಟಿದ್ದೆ ಕಣ್ಣು, ಈ ಕಂಬಕ್ಕೆ. ನೇಯೋದು ನಿಲ್ಸಿದ್ರೆ ಎದ್ ಅಳೋನು. ಅದಕ್ಕೇಂತ ನಿಲ್ಸದೆ ನೇಯ್ತಿದ್ದೆ."

ಮರುದಿನ ಬೆಳಗ್ಗೆ ಎದ್ದಾಗ ಮಗ್ಗದ ಮೇಲೆ ಬೆಡ್‌ಶೀಟು ಇತ್ತು. ಅರ್ಧ ನೇಯ್ದ ಪಂಚೆ ಅದರಡಿಯೇ ಉಳಿಯಿತು. ಯಾರಾದರೂ ಕೇಳಿದರೆ "ಬೆರಳು ನೋವು" ಎನ್ನುತ್ತಿದ್ದರು. ಬೆರಳು ನೋವಿದ್ದವರು ದಿನಾ ಒಂದು ಮೊರ ಬೆಳ್ಳುಳ್ಳಿ ಸುಲಿಯುವುದಿಲ್ಲ. ಅದು ನನಗೆ ಕಾಣಿಸುತ್ತಿತ್ತು.

ನಮ್ಮವರು ಅಪೀಲೇ ಬೇಡವೆಂದರು. "ಬುಡು ಸುಗುಣಾ. ತೋಪು ಒಡ್ದು ಬಂದೋನು ಪೇಪರ್ ಇಡ್ಕೊಂಡು ಅಲೀಬೇಕಾ?"

"ನಿಮ್ಗೋಸ್ಕರ ಅಲ್ಲ. ಅತ್ತೆಗೋಸ್ಕರ" ಎಂದೆ. ಅವರ ಬಲಗಡೆ ನಿಂತು ಹೇಳಿದ್ದರಿಂದ ಕೇಳಿಸಲಿಲ್ಲವೆಂದು ಕಾಣುತ್ತದೆ. ಆ ಹೊತ್ತಿನಲ್ಲಿ ನನಗೂ ಅದು ಹೊಳೆಯಲಿಲ್ಲ.

ಜಿಲ್ಲೆಯ ಮಾಜಿ ಸೈನಿಕರ ಕಲ್ಯಾಣ ಕಚೇರಿಗೆ ನಾನೊಬ್ಬಳೇ ಹೋದೆ. ಅಲ್ಲಿನ ಗುಮಾಸ್ತರು ನಿವೃತ್ತ ಸುಬೇದಾರರು. ಮೊದಲು ತಮಿಳಿನಲ್ಲಿ ಬಿಗಿಯಾಗಿದ್ದವರು, ನನ್ನ ತೌರು ಮೊರಪ್ಪೂರು ಎಂದು ತಿಳಿದ ಕೂಡಲೇ ಮನೆಯ ಮಾತಾದ ಕನ್ನಡಕ್ಕೆ ಇಳಿದರು. "ನೋಡವ್ವಾ, ಅಪೀಲ್‌ನಾಗೆ ಅತ್ತು ಕರೆದು ಬರೆದ್ರೆ ನಡಿಯಾಕಿಲ್ಲ. ಪುದುಸಾ ಏನಾದ್ರೂ ಬೇಕು. ಒಸದು. ಅವ್ರು ನೋಡ್ದೆ ಬುಟ್ಟದ್ದು ಏನೈತೆ, ಅದನ್ನ ತಗೊಂಬಾ. ಆರು ತಿಂಗಳು ಟೈಮ್ ಐತೆ."

ಅವರು ನೋಡದೆ ಬಿಟ್ಟದ್ದು! ಡಾಕ್ಟರುಗಳು ನೋಡದ್ದನ್ನು ನಾನೇನು ನೋಡಲಿ ಎಂದುಕೊಂಡೇ ಬಸ್ಸು ಹತ್ತಿದೆ.

ಏಪ್ರಿಲ್ ತಿಂಗಳ ಒಂದು ಬೆಳಗ್ಗೆ. ಒಲೆಯ ಮೇಲೆ ಕುಕ್ಕರ್, ನಾನು ಹಿತ್ತಲಿನಲ್ಲಿ. ಒಳಗಿನಿಂದ ನಮ್ಮವರ ಕೂಗು: "ಸುಗುಣಾ, ಕುಕ್ಕರ್ ಕೂಗ್ತೈತೆ!" ಆಶ್ಚರ್ಯವಾಯಿತು. ಹಿಂದಿನ ದಿನ ಇದೇ ಕುಕ್ಕರ್ ಆರು ಸಲ ಕೂಗಿ ಬೇಳೆ ಸೀದು ಹೋದಾಗಲೂ ಅವರು ಪಕ್ಕದ ಕೋಣೆಯಲ್ಲಿ ಮಲಗೇ ಇದ್ದರು. ಹೋಗಿ ನೋಡಿದೆ. ಈ ದಿನ ಬಲಗಿವಿ ದಿಂಬಿನಲ್ಲಿತ್ತು, ಎಡಗಿವಿ ಮೇಲಿತ್ತು. ಮರುದಿನ ಬೇಕೆಂದೇ ಕಾದು ನೋಡಿದೆ. ಎಡಗಿವಿ ದಿಂಬಿಗೆ ತಾಗಿದಾಗ ಮೂರು ಸಲ ಕೂಗಿದರೂ ಅಲುಗಲಿಲ್ಲ.

ಆಮೇಲೆ ಒಂದೊಂದೇ ಕಾಣತೊಡಗಿತು. ಬಲಗೈಯವರು, ಆದರೆ ಫೋನನ್ನು ಎಡಗಿವಿಗೆ ಹಿಡಿಯುತ್ತಾರೆ. ಗಾಡಿಯಲ್ಲಿ ಹಿಂದೆ ಕೂತು ನಾನು ಮಾತಾಡುವುದು ಸದಾ ಅವರ ಎಡಭುಜದ ಮೇಲಿಂದ. ಎಷ್ಟೋ ವರ್ಷಗಳಿಂದ ತಿಳಿಯದೆಯೇ ನಾನು ಅವರ ಎಡಕ್ಕೆ ಸರಿದುಬಿಟ್ಟಿದ್ದೆ. ಅತ್ತೆ ಮಾತ್ರ ಜಗಲಿಯಲ್ಲಿ ಹಳೆಯ ರೂಢಿಯಂತೆ ಬಲಕ್ಕೇ ಕೂರುತ್ತಿದ್ದರು; ಮಗ ಉತ್ತರಿಸದಿದ್ದರೆ "ಮಿಲಿಟ್ರಿಗ್ ಓಗಿ ಬಂದ್‌ಮ್ಯಾಗೆ ತಾಯಿ ಮಾತು ಇವ್ನಿಗ್ಯಾಕೆ" ಎಂದು ಮುನಿಯುತ್ತಿದ್ದರು.

ಆಡಿಯೋಗ್ರಾಂ ತೆಗೆದು ಕಿಟಕಿಯ ಬಳಿ ಕೂತೆ. ಕಾನ್ವೆಂಟಿನಲ್ಲಿ ಆರು ವರ್ಷ ಗ್ರಾಫ್ ಕಾಗದದಿಂದ ಕ್ರಾಸ್ ಸ್ಟಿಚ್ ಕಸೂತಿ ಎಣಿಸಿದ ಕಣ್ಣು ನನ್ನದು. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಿಸು ಗುರುತು. ಗ್ರಾಫಿನ ಚೌಕಗಳನ್ನು ಎಣಿಸಿದೆ. ಕುಕ್ಕರಿನಂಥ ಕೀಚು ಸದ್ದಿನ ಕಡೆ ಕೆಂಪು ಗೆರೆ ಎಪ್ಪತ್ತು ಡೆಸಿಬೆಲ್‌ವರೆಗೆ ಇಳಿದಿತ್ತು. ನೀಲಿ ನಲವತ್ತಕ್ಕೇ ನಿಂತಿತ್ತು. ಕೆಳಗಿನ ಷರಾದಲ್ಲಿ ಮಾತ್ರ 'ಎರಡೂ ಕಿವಿಗೆ ದೋಷ' ಎಂದು ಒಂದೇ ಸಾಲು.

"ಇಲ್ ನೋಡಿ," ಎಂದು ಅವರ ಎಡಕ್ಕೆ ಬಂದು ಕೇಳಿದೆ. "ತೋಪಿನ ಹತ್ರ ನೀವು ಎಲ್ಲಿ ಕೂರ್ತಿದ್ರಿ?"

"ಲೇಯರ್ ಅಲ್ವಾ ನಾನು? ಗುರಿ ಇಡೋನು. ಎಡಗಡೆ."

"ಮುಖ ಎಲ್ಲಿಗೆ?"

"ಶತ್ರು ಕಡೀಕೆ. ಇನ್ನೆಲ್ಲಿಗೆ, ಅಡಿಗೆಮನೆ ಕಡೀಕಾ?"

"ಅಂದ್ರೆ ತೋಪು ನಿಮ್ಮ ಯಾವ ಕಿವಿಗೆ?"

ಅವರ ಬಲಗೈ ತಾನಾಗಿ ಮೇಲೆದ್ದು ಬಲಗಿವಿ ಮುಟ್ಟಿತು. "ಒಂಬತ್ತು ವರ್ಸ" ಎಂದರು. "ಬರಿ, ಅಪೀಲ್ ಬರಿ."

ಮಗ್ಗದ ಮುಂದೆ ಕೂತವರಿಗೆ ಸದ್ದು ಎರಡೂ ಕಿವಿಗೆ ಒಂದೇ ಸಮ. ಅದನ್ನು ಬರೆದೆ. ಅವರು ಒಂಬತ್ತು ವರ್ಷ ಲೇಯರ್ ಆಗಿದ್ದರೆಂದು ರೆಜಿಮೆಂಟಿಗೆ ಬರೆದು ಪ್ರಮಾಣಪತ್ರ ತರಿಸಿದೆ. ನಮ್ಮ ಜಿಲ್ಲೆಯಲ್ಲಿ ಮಗ್ಗವೆಂದರೆ ದೂರದವರು ಪವರ್‌ಲೂಮ್ ಎಂದೇ ತಿಳಿಯುತ್ತಾರೆ. ಕರೆಂಟಿನಿಂದ ಓಡುವ ಆ ಯಂತ್ರದ ಪಕ್ಕ ನಿಂತರೆ ಎದೆಯೇ ನಡುಗುತ್ತದೆ. ನಮ್ಮದು ಗುಂಡಿಯಲ್ಲಿ ಕಾಲಿಟ್ಟು ತುಳಿಯುವ ಕೈಮಗ್ಗ. ಅದಕ್ಕೆ ಸಾಕ್ಷಿಯಾಗಿ ಅತ್ತೆಯ ಕೈಮಗ್ಗ ಸಹಕಾರ ಸಂಘದ ಸದಸ್ಯತ್ವದ ಪುಸ್ತಕವನ್ನೂ, ನೆರೆಯವರ ಹೇಳಿಕೆಯೊಂದನ್ನೂ ಇಟ್ಟೆ. ಹೇಳಿಕೆ ಕೊಟ್ಟವರು ನಮ್ಮ ಗೋಡೆಗೆ ಗೋಡೆ ತಾಗಿದ ಮನೆಯ ಪಾಪಾತಿಯಕ್ಕ, ನಲವತ್ತು ವರ್ಷದ ನೆರೆ.

"ಎಲ್ಲಿ ಕೈನಾಟು ಇಕ್ಬೇಕು?" ಎಂದು ಹೆಬ್ಬೆರಳು ಚಾಚಿದರು. "ಮನೆ ಗಿನೆ ಬರ್ಕೊಂಡ್ ಬುಡ್ತೀಯೇನೆ ಕಾನ್ವೆಂಟು?"

"ಮನೆಯಲ್ಲಿ ಯಾವತ್ತೂ ಪವರ್‌ಲೂಮ್ ಇರ್ಲಿಲ್ಲ ಅಂತ ಅಷ್ಟೇ ಅಕ್ಕಾ."

"ಇದ್ದಿದ್ರೆ ನಾನು ಗೋಡೆ ಒಡ್ದು ಬಂದು ಜಗಳಕ್ ನಿಂತಿರ್ತಿದ್ದೆ. ಅದನ್ನೂ ಬರ್ಕೊ."

ಅದೊಂದನ್ನು ಬರೆಯಲಿಲ್ಲ. ಆದರೆ ನನ್ನ ತಪ್ಪನ್ನು ಬರೆದೆ: ಮೊದಲ ಅರ್ಜಿಯಲ್ಲಿ ಯಾವ ಮಗ್ಗ ಎಂದು ಸ್ಪಷ್ಟಪಡಿಸದೆ ಹೋದವಳು ನಾನು, ಅರ್ಜಿದಾರರ ಹೆಂಡತಿ.

2024ರ ಜನವರಿಯಲ್ಲಿ ಮತ್ತೊಮ್ಮೆ ಮೆಡಿಕಲ್ ಬೋರ್ಡಿಗೆ ಕರೆ ಬಂತು. ಸೇನಾ ಆಸ್ಪತ್ರೆಯಲ್ಲಿ ಹೊಸದಾಗಿ ಕಿವಿ ಪರೀಕ್ಷೆ ಮಾಡಿದರು. ಬೋರ್ಡಿನಲ್ಲಿದ್ದ ಕಿವಿಯ ತಜ್ಞೆ, ಬೆಳ್ಳಿಗೂದಲಿನ ಮಹಿಳಾ ಅಧಿಕಾರಿ, ನಮ್ಮವರಿಗೆ ಒಂದು ಮೇಜನ್ನು ತೋರಿಸಿ, ಇದೇ ತೋಪು ಎಂದುಕೊಂಡು ನಿಮ್ಮ ಜಾಗದಲ್ಲಿ ಕೂತು ತೋರಿಸಿ ಎಂದರು. ಇವರು ಕುರ್ಚಿಯನ್ನು ಮೇಜಿನ ಎಡಕ್ಕೆ ಎಳೆದು, ಬೆನ್ನು ನೆಟ್ಟಗೆ ಮಾಡಿ, ಇಲ್ಲದ ದೂರದರ್ಶಕಕ್ಕೆ ಕಣ್ಣು ಹಚ್ಚಿ ಕೂತರು. ಐದು ವರ್ಷದಿಂದ ನಾನು ಕಾಣದಿದ್ದ ಹವಿಲ್ದಾರ್ ಒಂದು ಗಳಿಗೆ ಆ ಕುರ್ಚಿಯಲ್ಲಿದ್ದರು. ಮೇಜು ಅವರ ಬಲಗಿವಿಯಿಂದ ಒಂದು ಮೊಳ.

ತಜ್ಞೆ ಗ್ರಾಫನ್ನೂ ಅವರನ್ನೂ ನೋಡಿದರು. ಬಳಿಕ ನನ್ನ ಕಡೆ ತಿರುಗಿ, "ಎರಡು ಕಿವಿಗೂ ವ್ಯತ್ಯಾಸವಿದೆ ಎಂದು ನಿಮಗೆ ಹೇಳಿದ ಡಾಕ್ಟರು ಯಾರು?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಡಾಕ್ಟರಲ್ಲ ಮೇಡಂ, ತಲೆದಿಂಬು" ಎಂದೆ. ನಕ್ಕರು. ಏನನ್ನೋ ಬರೆದುಕೊಂಡರು.

ನಾಲ್ಕು ತಿಂಗಳ ಮೇಲೆ ಬಂದದ್ದೇ ಆ ಗುರುವಾರದ ಲಕೋಟೆ.

ಒಡೆದೆ. ಮೊದಲು ಮನಸ್ಸಿನಲ್ಲೇ ಒಮ್ಮೆ ಓದಿಕೊಂಡೆ. ಅಷ್ಟು ಬುದ್ಧಿ ಈಗ ಬಂದಿತ್ತು. ಆಮೇಲೆ ಅಡುಗೆಮನೆಯ ಹೊಸ್ತಿಲ ಬಳಿ ಅತ್ತೆಯ ಮುಂದೆ ಕೂತು, ಇವರನ್ನು ಅವರ ಪಕ್ಕ ಕೂರಿಸಿ, ಗಟ್ಟಿಯಾಗಿ ಓದಿದೆ: ಬಲಗಿವಿಯ ದೋಷ ಎಡಗಿವಿಗಿಂತ ಸ್ಪಷ್ಟವಾಗಿ ಹೆಚ್ಚಿದೆ, ಫಿರಂಗಿಯ ಎಡಗಡೆ ಕೂತು ಮಾಡಿದ ಕೆಲಸಕ್ಕೆ ಇದು ಹೊಂದುತ್ತದೆ, ಮನೆಯ ಕೈಮಗ್ಗಕ್ಕೂ ಈ ದೋಷಕ್ಕೂ ಸಂಬಂಧವಿಲ್ಲ, ಅಂಗವೈಕಲ್ಯಕ್ಕೆ ಸೈನಿಕ ಸೇವೆಯೇ ಕಾರಣ, ಹಿಂದಿನ ಆದೇಶ ರದ್ದು.

"ಇನ್ನೊಂದ್ ಕಿತ ಓದು" ಎಂದರು ಅತ್ತೆ.

"ಪೂರ್ತಿನಾ?"

"ಮಗ್ಗ ಬರೋದು ಮಾತ್ರ."

ಓದಿದೆ. ಮೂರನೆಯ ಸಲ ಅವರು ಕೇಳಲಿಲ್ಲ. ಎದ್ದು ಹಿತ್ತಲಿಗೆ ಹೋಗಿ ಕಾಲು ತೊಳೆದು ಬಂದರು. ಬೆಡ್‌ಶೀಟನ್ನು ತೆಗೆದು, ಅಂಚಿಗೆ ಅಂಚು ಸೇರಿಸಿ ನಾಲ್ಕು ಮಡಿಕೆ ಮಾಡಿ ನನ್ನ ಕೈಗೆ ಕೊಟ್ಟರು. "ಒಗ್ಯಕ್ ಆಕು, ಗಬ್ಬು" ಎಂದರು. ಕಡಿದ ಎಳೆಗಳನ್ನು ಹುಡುಕಿ ಗಂಟು ಹಾಕಲು ಒಂದು ಗಂಟೆ ಹಿಡಿಯಿತು. ಊಟದ ಹೊತ್ತಿಗೆ ಲಾಳಿ ಓಡಿತು. ಮೊದಲು ತಡವರಿಸಿ, ಆಮೇಲೆ ಸಲೀಸಾಗಿ. ನಮ್ಮವರು ಜಗಲಿಯಲ್ಲಿ ಕೂತಿದ್ದವರು ಕುರ್ಚಿಯನ್ನು ಒಳಗೆ ತಂದು, ಎಡಗಿವಿ ಮಗ್ಗದ ಕಡೆ ಬರುವಂತೆ ಹಾಕಿಕೊಂಡು ಪೇಪರ್ ಓದಲು ಕೂತರು. ಎಷ್ಟೋ ಹೊತ್ತಿನವರೆಗೆ ಅವರು ಹಾಳೆ ತಿರುಗಿಸಲಿಲ್ಲ.

ಅಂದಿನಿಂದ ಇದುವರೆಗೆ ನಮ್ಮ ಕಡೆಯ ಐದಾರು ಮಾಜಿ ಸೈನಿಕರ ಮನೆಯವರು ಅರ್ಜಿ ಬರೆಸಿಕೊಳ್ಳಲು ಬಂದಿದ್ದಾರೆ. ನಾನು ಮೊದಲು ಫಾರಂ ಬಿಚ್ಚುವುದಿಲ್ಲ. ಯಜಮಾನರು ಹೇಗೆ ಮಲಗುತ್ತಾರೆ, ಯಾವ ಮೆಟ್ಟಿಲಲ್ಲಿ ದಣಿದು ನಿಲ್ಲುತ್ತಾರೆ, ಲೋಟ ಯಾವ ಕೈಯಲ್ಲಿ ಹಿಡಿಯುತ್ತಾರೆ ಎಂದು ಹೆಂಡತಿಯನ್ನು ಕೇಳುತ್ತೇನೆ. ಸಿಸ್ಟರ್ ಹೇಳಿದ್ದು ಸರಿಯೇ, ಖಾಲಿ ಜಾಗ ಬಿಡಬಾರದು. ಆದರೆ ಮನೆಯವರಿಗೆಲ್ಲ ಗೊತ್ತಿರುವುದು ಕಾಗದಕ್ಕೆ ಗೊತ್ತಿರುವುದಿಲ್ಲ. ಅದನ್ನು ಪೂರ್ತಿ ಹೇಳಿಬಿಡಬೇಕು. ಅರ್ಧ ಹೇಳಿದರೆ ಉಳಿದರ್ಧವನ್ನು ಬೇರೆ ಯಾರೋ ತುಂಬುತ್ತಾರೆ.

ಆ ಗುರುವಾರದ ಸಂಜೆ ಒಗೆದ ಬೆಡ್‌ಶೀಟನ್ನು ಹಿತ್ತಲಿನ ತಂತಿಗೆ ಹರವುತ್ತಿದ್ದೆ. ಒಳಗೆ ಮಗ್ಗ ಇನ್ನೂ ನಡೆದೇ ಇತ್ತು. ಪಾಪಾತಿಯಕ್ಕನಿಗೆ ಆದೇಶದ ವಿಷಯ ಇನ್ನೂ ಹೇಳಿರಲಿಲ್ಲ. ಗೋಡೆಯಾಚೆಯಿಂದ ಕೆದರಿದ ತಲೆ ಎತ್ತಿ, ಕೂದಲು ಗಂಟು ಹಾಕುತ್ತಾ ಆಕಳಿಸಿದರು.

"ಏನೋ ಕಾಣೆ ಕಣೇ, ಇವತ್ತು ಮದ್ಯಾನ ತಲೆ ಇಟ್ಟಿದ್ದೇ ಗೊತ್ತಿಲ್ಲ, ಅಂಗ್ ನಿದ್ದೆ ಬಂದ್ಬುಡ್ತು. ಒಂದು ವರ್ಸದಿಂದ ಮದ್ಯಾನದ ನಿದ್ದೇನೇ ಇರ್ನಿಲ್ಲ ನಂಗೆ."