ಬಾಗಿಲು ಒದೆಯುವ ಖಾಜಾಬಿ

ಖಾಜಾಬಿ ಯಾರ ಮನೆಯ ಬಾಗಿಲನ್ನೂ ಬಡಿದವಳಲ್ಲ. ಒದೆಯುತ್ತಿದ್ದಳು. ಆಕೆಯ ಒಂದು ಕೈಯಲ್ಲಿ ಯಾವನೋ ಮುದುಕನ ಕೈ, ಇನ್ನೊಂದರಲ್ಲಿ ಯಾವಳೋ ಮುದುಕಿಯ ಕೈ ಇರುತ್ತಿತ್ತು, ಬಡಿಯಲು ಕೈ ಎಲ್ಲಿತ್ತು ಎಂದು ಆಕೆಯ ಪರವಾಗಿ ಮಾತಾಡುವವರು ಹೇಳುತ್ತಿದ್ದರು. ಕೈ ಖಾಲಿ ಇದ್ದ ದಿನವೂ ಒದೆಯುತ್ತಿದ್ದಳು ಎಂಬುದನ್ನು ನಾನು ಹೇಳಲೇಬೇಕು. ನಮ್ಮ ಬಾಗಿಲಿಗೆ ನಾನು ಆಸೆಪಟ್ಟು ನೀಲಿ ಬಣ್ಣ ಹಚ್ಚಿಸಿದ್ದೆ. ಅದರ ಕೆಳಹಲಗೆಯ ಮೇಲೆ ಆಕೆಯ ಅಂಗಾಲಿನ ಮಣ್ಣು ಎಷ್ಟು ಒರೆಸಿದರೂ ಹೋಗುತ್ತಿರಲಿಲ್ಲ.

ಆಕೆಯನ್ನು ಹೊಗಳಲಿಕ್ಕೆ ನಾನು ಇದನ್ನು ಬರೆಯುತ್ತಿಲ್ಲ. ಹೊಗಳಿದರೆ ನನ್ನ ಪಾಪ ಹಗುರಾದೀತು ಎಂಬ ಆಸೆ ಇತ್ತು, ಅದನ್ನೂ ಬಿಟ್ಟಿದ್ದೇನೆ. ಆಕೆಯ ಮೇಲೆ ನನಗೆ ಈಗಲೂ ಸಿಟ್ಟಿದೆ.

ಎಂಬತ್ತರ ದಶಕದಲ್ಲಿ ನಾವು ಗೋವೆಯ ಮಡಗಾಂವಿನ ಮೋತಿ ಡೊಂಗರ್‌ನಲ್ಲಿದ್ದೆವು. ಗುಡ್ಡದ ಮೈಗೆ ಅಂಟಿಕೊಂಡ ತಗಡಿನ ಮನೆಗಳು, ಹೆಚ್ಚಿನವರು ನಮ್ಮ ವಿಜಾಪುರ, ಬಾಗಲಕೋಟೆ ಕಡೆಯ ಕೂಲಿಗಳು. ನಾನು ಎಸ್ಸೆಸ್ಸೆಲ್ಸಿ ಪಾಸಾದವನು, ಕುಂಡಯಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್. ನನ್ನದು ಇಟ್ಟಿಗೆ ಗೋಡೆಯ ಮನೆ. ಒಳಗೇ ನಳ, ಬಾಗಿಲಿರುವ ಬಚ್ಚಲು. ನಾನು ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಕೊಂಡು ಇಳಿಜಾರಿನಲ್ಲಿ ಇಳಿಯುವಾಗ ಕೂಲಿಯವರು ದಾರಿ ಬಿಡುತ್ತಿದ್ದರು. ಖಾಜಾಬಿ ಬಿಡುತ್ತಿರಲಿಲ್ಲ. ಎದುರಿಗೆ ನಿಂತು, “ಪ್ಯಾಂಟಪ್ಪ ಹೊಂಟಾನ, ಸರೀರಿ ಸರೀರಿ, ಇಸ್ತ್ರಿ ಮುರದೀತು” ಎಂದು ಕೂಗುತ್ತಿದ್ದಳು. ಮಲ್ಲಪ್ಪ ಎಂಬ ನನ್ನ ಹೆಸರು ಗುಡ್ಡದಲ್ಲಿ ಸತ್ತದ್ದು ಹಾಗೆ.

ಎತ್ತರದ ಹೆಂಗಸು. ಸೀರೆಯ ಮೇಲೆ ಗಂಡಸರ ಅಂಗಿ, ಹೊಗೆಸೊಪ್ಪಿನ ಮಿಸ್ರಿ ತಿಕ್ಕಿ ಕಪ್ಪಾದ ಹಲ್ಲು. ಸ್ಲ್ಯಾಬಿನ ಕೆಲಸದಲ್ಲಿ ಕಾಂಕ್ರೀಟಿನ ಬುಟ್ಟಿ ಹೊತ್ತು ಹೊತ್ತು ನೆತ್ತಿಯ ಮೇಲೆ ಅಂಗೈಯಗಲ ಕೂದಲು ಹೋಗಿತ್ತು. ಸೊಂಟ ಬಿದ್ದ ಮೇಲೆ ಕೆಲಸ ಬಿಟ್ಟವಳು ಗುಡ್ಡದ ಮುದುಕರನ್ನೆಲ್ಲ ತನ್ನ ಆಳ್ವಿಕೆಗೆ ತೆಗೆದುಕೊಂಡಳು. ಬೆಳಗಾದರೆ ದುಡಿಯುವವರೆಲ್ಲ ಕೂಲಿಗೆ ಕರೆಯುವವರನ್ನು ಕಾಯುತ್ತ ನಾಕಾಕ್ಕೆ ಹೋಗಿ ನಿಲ್ಲುತ್ತಿದ್ದರು. ಕಾದ ತಗಡಿನ ಕೆಳಗೆ ಮುದುಕರು ಮಾತ್ರ ಉಳಿಯುತ್ತಿದ್ದರು. ಅವರನ್ನು ಕೈಹಿಡಿದು ತಂದು ಸಾರ್ವಜನಿಕ ನಳದ ಪಕ್ಕದ ಒಂದು ಛಪ್ಪರದಲ್ಲಿ ಕೂಡಿಸುತ್ತಿದ್ದಳು. ಸಂಜೆ ಅವರಿಗೆ ಉಣ್ಣಿಸುವುದು ಮನೆಮನೆಯ ಪಾಳಿ. ಯಾರ ಪಾಳಿ ಯಾವಾಗ ಎನ್ನುವುದು ಆಕೆಯ ತಲೆಯಲ್ಲಿತ್ತು. ಹಿಂದಿನ ದಿನ ಬಂದು ಬಾಗಿಲು ಒದ್ದು ಹೇಳಿ ಹೋಗುತ್ತಿದ್ದಳು: “ನಾಳಿ ನಿಂದ ಪಾಳಿ. ಭಕ್ರಿ ಮೆತ್ತಗಿರ್ಲಿ.”

ಭಕ್ರಿ ಕೊಡುವುದು ದೊಡ್ಡ ಮಾತಲ್ಲ. ಆದರೆ ಪಾಳಿಯ ಮನೆಯವರು ಊಟ ಕೊಟ್ಟು ಬರುವಂತಿರಲಿಲ್ಲ. ಮನೆಯ ಒಬ್ಬರು ಮುದುಕರ ಜೊತೆ ನೆಲದ ಮೇಲೆ ಕೂತು, ಅದೇ ಭಕ್ರಿ ತಿಂದು, ಅವರು ಕೈ ತೊಳೆಯುವವರೆಗೆ ಮಾತಾಡುತ್ತ ಇರಬೇಕು. ಇದು ಖಾಜಾಬಿಯ ಕಾನೂನು. “ತಂದಿಟ್ಟು ಓಡಬ್ಯಾಡ್ರಿ. ಏನ್ ಬೆಂಕಿ ಬಿದ್ದೈತಿ ನಿಮ್ಮ ಮನಿಗಿ?” ಎನ್ನುತ್ತಿದ್ದಳು.

ಈ ಕಾನೂನು ಎಲ್ಲಿಂದ ಬಂತೆಂದು ನನ್ನ ಹೆಂಡತಿ ಶಾಂತವ್ವ ಒಮ್ಮೆ ಹೇಳಿದಳು. ಖಾಜಾಬಿ ಕೆಲಸಕ್ಕೆ ಹೋದ ಒಂದು ದಿನ ಅವಳ ಅತ್ತೆ ತಲೆಯ ಹತ್ತಿರ ಮುಚ್ಚಿಟ್ಟ ಅನ್ನ ಮುಟ್ಟದೆ ಸತ್ತಿದ್ದಳಂತೆ. ಸಂಜೆ ಬಂದು ನೋಡುವಷ್ಟರಲ್ಲಿ ಅನ್ನಕ್ಕೂ ಅತ್ತೆಗೂ ಇರುವೆ ಹತ್ತಿದ್ದವು. “ಅದಕ್ಕ ಹಂಗ ಮಾಡ್ತಾಳ್ರಿ ಆಕಿ” ಎಂದಳು ಶಾಂತವ್ವ. “ಆಕಿ ಅತ್ತಿ ಸತ್ರ ನಾ ಯಾಕ ನೆಲದ ಮ್ಯಾಲೆ ಕೂಡ್ಬೇಕು?” ಎಂದೆ ನಾನು. ನಾನು ಲಿಂಗ ಕಟ್ಟಿಕೊಂಡವನು. ಛಪ್ಪರದಲ್ಲಿ ಇಲ್ಲದ ಜಾತಿ ಇರಲಿಲ್ಲ.

ನಮ್ಮ ಮೊದಲ ಪಾಳಿಯ ದಿನ ಡಬ್ಬಿಯನ್ನು ಪಕ್ಕದ ಮನೆಯವರ ಕೈಯಲ್ಲಿ ಕಳಿಸಿದೆ. ಸ್ವಲ್ಪ ಹೊತ್ತಿಗೆ ಬಾಗಿಲು ಧಡ್ಡೆಂದಿತು. ಖಾಜಾಬಿ ಡಬ್ಬಿಯನ್ನು ಹೊಸ್ತಿಲ ಮೇಲೆ ಕುಕ್ಕಿದಳು.

“ಯಾರಿಗಿ ಕಳಿಸೀದಿ ಇದನ್ನ?”

“ಮುದುಕ್ರಿಗಿ.”

“ನಾ ತಿಪ್ಪಿಗಿ ಅಂತ ತಿಳಕೊಂಡಿದ್ನೆಪ್ಪಾ. ಮಂದಿಗಿ ಆದ್ರ ಮಂದಿ ತರ್ತಾರ. ನಡಿ.”

ಇಡೀ ಓಣಿ ನೋಡುತ್ತಿತ್ತು. ಹೋದೆ. ಛಪ್ಪರದ ಕಂಬಕ್ಕೆ ಒರಗಿ, ನೆಲಕ್ಕೆ ಪೇಪರು ಹಾಸಿ ಕೂತೆ. ಅಲ್ಲಿ ದ್ಯಾವಪ್ಪ ಎಂಬ ಮುದುಕನಿದ್ದ, ಸಿಂದಗಿ ಕಡೆಯವನು. ಚಿರೆಕಲ್ಲು ಕಡಿಯುವ ಕಣಿಯಲ್ಲಿ ಚಕ್ಕೆ ಸಿಡಿದು ಒಂದು ಕಣ್ಣು ಹೋಗಿತ್ತು, ಪೊರೆ ಬಂದು ಇನ್ನೊಂದು. ಹೆಂಡತಿ ಮಕ್ಕಳು ಯಾರೂ ಉಳಿದಿರಲಿಲ್ಲ. ಉಳಿದದ್ದು ಬಾಯಿ. ಭಕ್ರಿ ಮುರಿಯುತ್ತಲೇ ಶುರುಮಾಡಿದ.

“ಖಾಜಾಬಿ, ಇದ ಭಕ್ರಿಯೋ ಕಣಿ ಕಲ್ಲೋ? ಕಣಿ ಬಿಟ್ಟು ಬಂದ್ರೂ ಬೆನ್ನ ಹತ್ತೇತಿ.”

“ಬಾಯಾಗ ಒಂದ ಹಲ್ಲಿಲ್ಲ, ಬಾಜೀರಾವ್ ಬಂದಾನ ಬಾಜಿ ಕೇಳಾಕ. ತಿನ್ನು ಮುಕ್ಕ.”

“ನೀ ಸತ್ರ ನಾ ಮೆತ್ತಂದು ತಿಂತೀನಿ ನೋಡು.”

“ನಿನ್ನ ಮಣ್ಣಿಗಿ ಹಾಕಿ ಮ್ಯಾಲ ನಾಕ ಸಲ ಕುಣದ ಸಾಯ್ತೀನಿ ನಾ.”

ಉಳಿದ ಮುದುಕರು ನಗುತ್ತಿದ್ದರು. ಅವರಿಗೆ ಇದು ಪ್ರತಿದಿನದ ನಾಟಕ. ನನಗೆ ಆ ಬೈಗುಳ, ಆ ಜೊಲ್ಲು, ಆ ವಾಸನೆ ಯಾವುದೂ ಸೇರಲಿಲ್ಲ. ಭಕ್ರಿ ತಿಂದಂತೆ ಮಾಡಿ ಕಂಬದ ಹಿಂದೆ ಹಾಕಿದೆ. ಖಾಜಾಬಿ ನೋಡಿದಳು. ಅಂದು ಏನೂ ಅನ್ನಲಿಲ್ಲ. ಮಾರನೆಯ ಬೆಳಿಗ್ಗೆ ಬಸ್‌ಸ್ಟಾಪಿನಲ್ಲಿ, ನನ್ನ ಕಾರ್ಖಾನೆಯವರ ಮುಂದೆ ಅಂದಳು.

ಹೀಗೆ ಒಂದೆರಡು ವರ್ಷ ನಡೆಯಿತು. ಒಂದು ಭಾನುವಾರ ನಮ್ಮ ಸೂಪರ್‌ವೈಸರ್ ಮನೆಗೆ ಬಂದಿದ್ದ. ಗೋವೆಯವನೇ, ಒಳ್ಳೆಯ ಮನುಷ್ಯ. ನನ್ನ ಬಡ್ತಿಯ ಮಾತು ಆತನ ಬಾಯಲ್ಲಿತ್ತು. ಶಾಂತವ್ವ ಚಹಾ ಕೊಡುತ್ತಿದ್ದಾಗ ಬಾಗಿಲಿಗೆ ಒದೆ ಬಿತ್ತು. ಖಾಜಾಬಿ ದ್ಯಾವಪ್ಪನನ್ನು ಒಳಗೆ ತಳ್ಳಿದಳು. ಅವನಿಗೆ ಹೊಟ್ಟೆ ಕೆಟ್ಟಿತ್ತು, ಧೋತರ ತೊಯ್ದಿತ್ತು.

“ಹೊರಗಿನ ನಳ ಬಂದ್ ಆಗೇತಿ. ನಿನ್ನ ಬಚ್ಚಲದಾಗ ನೀರೈತಿ. ಅತ್ತ ಸರಿ, ಇವನ್ನ ತೊಳೀಬೇಕು.”

“ಮನ್ಯಾಗ ಸಾಹೇಬ್ರು ಕುಂತಾರ, ಕಾಣಂಗಿಲ್ಲೇನು?”

“ಸಾಹೇಬ್ರು ತೊಳ್ಕೊಳ್ಳಾಂಗಿಲ್ಲೇನು?”

ಸೂಪರ್‌ವೈಸರಿಗೆ ಕನ್ನಡ ಬರುತ್ತಿರಲಿಲ್ಲ. ಮುದುಕನನ್ನು ನೋಡಿ ಮರುಗಿದ ಮುಖದಿಂದ, “ತುಜೊ ಬಾಪೂಯ್?” ಎಂದು ಕೇಳಿದ, ನಿನ್ನ ಅಪ್ಪನೇ ಎಂದು. “ಅಲ್ಲ, ಈತ ಯಾರೋ ನನಗೆ ಗೊತ್ತೇ ಇಲ್ಲ” ಎಂದೆ ಕೊಂಕಣಿಯಲ್ಲಿ. ಖಾಜಾಬಿಗೆ ಕೊಂಕಣಿ ಚೆನ್ನಾಗಿ ಬರುತ್ತಿತ್ತು. ಅವಳು ಬಚ್ಚಲಿಗೆ ಹೋಗಿ, ಬಾಗಿಲು ಹಾಕದೆಯೇ, ದ್ಯಾವಪ್ಪನನ್ನು ತೊಳೆದಳು. ತೊಳೆಯುತ್ತ ಇಬ್ಬರೂ ಬೈದಾಡಿದರು. ಚಹಾ ಆರಿತು.

ಹೋಗುವಾಗ ಸೂಪರ್‌ವೈಸರ್ ಒಂದು ದಾರಿ ಹೇಳಿದ. ಕೊರ್ತಾಲಿಮ್ ದಾಟಿದ ಮೇಲೆ ಸಿಸ್ಟರ್‌ಗಳು ನಡೆಸುವ ಒಂದು ವೃದ್ಧಾಶ್ರಮವಿದೆ, ಯಾರೂ ಇಲ್ಲದವರನ್ನು ಹಾಗೇ ಇಟ್ಟುಕೊಳ್ಳುತ್ತಾರೆ, ತಾನು ಮಾತಾಡಬಲ್ಲೆ ಎಂದ. ಆತ ಹೇಳಿದ್ದು ದಯೆಯಿಂದ. ನಾನು ಕೇಳಿಸಿಕೊಂಡದ್ದು ಬೇರೆ ರೀತಿ. ಖಾಜಾಬಿಯ ಛಪ್ಪರವನ್ನು ಬರಿದು ಮಾಡುವ ಉಪಾಯ ಸಿಕ್ಕಿತು ಎಂದುಕೊಂಡೆ.

ನಾನೇ ಆಶ್ರಮಕ್ಕೆ ಹೋದೆ. ಬಿಳಿಯ ಹಾಸಿಗೆ, ಫ್ಯಾನು, ಎರಡು ಹೊತ್ತು ಹಾಲು, ವಾರಕ್ಕೊಮ್ಮೆ ಡಾಕ್ಟರು. ಈತನನ್ನು ನೋಡಿಕೊಳ್ಳುವವರು ಯಾರೂ ಇಲ್ಲ, ಬೀದಿಯಲ್ಲಿ ಬಿದ್ದಿದ್ದಾನೆ, ಬರಲು ಒಪ್ಪಿದ್ದಾನೆ ಎಂದು ಹೇಳಿದೆ. ಖಾಜಾಬಿ ಯಾರೋ ಮುದುಕಿಯನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿದ್ದ ದಿನ ನೋಡಿ ವ್ಯಾನು ಕರೆಸಿದೆ.

“ಎಲ್ಲಿಗಿ ಒಯ್ಯಾಕತ್ತೀರಿ?” ದ್ಯಾವಪ್ಪ ಕೇಳಿದ.

“ದವಾಖಾನಿಗಿ. ಕಣ್ಣಿಗಿ ಔಷಧ ಹಾಕ್ತಾರ.”

ಮುಖ ಅರಳಿತು. “ಮೊದಲ ಖಾಜಾಬೀನ್ನ ನೋಡ್ತೀನಿ ತಡಿ. ದನಿ ಹಿಂಗೈತಿ, ಮಾರಿ ಹ್ಯಾಂಗಿರಬೇಕು” ಎಂದು ನಗುತ್ತ, ತಾನೇ ತಡವರಿಸಿ ವ್ಯಾನು ಹತ್ತಿದ.

ಆ ಸಂಜೆ ಖಾಜಾಬಿ ಒದ್ದ ಹೊಡೆತಕ್ಕೆ ಬಾಗಿಲಿನ ಕೆಳಗಿನ ತಿರುಗಣಿ ಕಿತ್ತುಬಂತು.

“ಎಲ್ಲಿ ಒಯ್ದು ಒಗದಿ ಅವನ್ನ?”

“ಒಗದಿಲ್ಲ. ಹಾಸಿಗಿ ಕೊಡ್ತಾರ, ಹಾಲು ಕೊಡ್ತಾರ. ನಿನ್ನ ಛಪ್ಪರದಾಗ ಏನಿತ್ತು?”

“ಅಲ್ಲಿ ಯಾರರ ನಮ್ಮ ಮಾತು ಆಡ್ತಾರೇನೋ?”

“ಉಣ್ಣಾಕ ಮಾತು ಯಾಕ ಬೇಕು?”

ಖಾಜಾಬಿ ಹೊರಡಲು ತಿರುಗಿದಳು. ನಾನು ಗೆದ್ದೆ ಎಂದುಕೊಂಡೆ. ಹೋಗುವ ಮುಂಚೆ ನನ್ನ ಪ್ಯಾಂಟಿನ ಮೇಲೆ ಉಗುಳಿ ಹೋದಳು.

ಆಮೇಲೆ ಗುಡ್ಡದಲ್ಲಿ ನನ್ನ ಬೆಲೆ ಏರಿತು. ಪಾಳಿಯಿಂದ ಬೇಸತ್ತವರು ಬಹಳ ಮಂದಿ ಇದ್ದರು. “ಮಲ್ಲಪ್ಪಣ್ಣಾರ, ನಮ್ಮ ಮುದುಕಿಗೂ ಒಂದ ಮಾತು ಹೇಳ್ರಿ” ಎಂದು ನನ್ನ ಕಟ್ಟೆಗೆ ಬರತೊಡಗಿದರು. ನಾನು ಹೇಳಿದೆ, ಕೆಲವರಿಗೆ ಬೇರೆ ಬೇರೆ ಆಶ್ರಮಗಳಲ್ಲಿ ಜಾಗ ಸಿಕ್ಕಿತು. ಸಿಗದವರ ಮನೆಯವರೂ ಪಾಳಿ ನಿಲ್ಲಿಸಿದರು. ಖಾಜಾಬಿ ಬಾಗಿಲುಗಳನ್ನು ಒದೆಯುತ್ತಲೇ ಇದ್ದಳು, ಒಳಗಿನಿಂದ ಚಿಲಕ ಬೀಳುತ್ತಿತ್ತು. ಒಂದು ಮಳೆಗಾಲದಲ್ಲಿ ಛಪ್ಪರದ ತಗಡು ಹಾರಿತು, ಮತ್ತೆ ಯಾರೂ ಹಾಕಲಿಲ್ಲ. ಉಳಿದ ಒಬ್ಬಿಬ್ಬರು ಮುದುಕರನ್ನು ಅವಳು ತನ್ನ ಖೋಲಿಯಲ್ಲೇ ಇಟ್ಟುಕೊಂಡಳು ಎಂದು ಕೇಳಿದೆ. ನೋಡಲು ಹೋಗಲಿಲ್ಲ.

ತೊಂಬತ್ತರ ದಶಕ ಅರ್ಧ ಕಳೆದಿತ್ತು. ಖಾಜಾಬಿ ಜ್ವರದಿಂದ ಸತ್ತಳು. ಶಾಂತವ್ವ ಹೋಗಿ ಬಂದು ಅತ್ತಳು. ನಾನು ಡ್ಯೂಟಿಗೆ ಹೋದೆ. ಹಾಳಾದ್ದು ಹೋಯಿತು ಎಂದು ಬಸ್ಸಿನಲ್ಲಿ ಒಬ್ಬನಿಗೆ ಹೇಳಿದ್ದೂ ನೆನಪಿದೆ.

ಕೆಲವು ವಾರಗಳ ಮೇಲೆ ದ್ಯಾವಪ್ಪನಿದ್ದ ಆಶ್ರಮದ ಸಿಸ್ಟರ್ ಕಾರ್ಖಾನೆಗೆ ಫೋನ್ ಮಾಡಿದರು. ಮುದುಕ ಊಟ ಬಿಟ್ಟಿದ್ದಾನೆ, ಸೇರಿಸಿದವರು ನೀವು, ನಿಮಗೆ ಆತನ ಭಾಷೆ ಬರುತ್ತದೆ, ಒಮ್ಮೆ ಬನ್ನಿ ಎಂದರು. ಹೋದೆ. ಸಿಸ್ಟರ್ ಹೇಳತೊಡಗಿದರು. ಬಂದ ಹೊಸತರಲ್ಲಿ ದ್ಯಾವಪ್ಪ ಕೆಲವು ದಿನ ಏನೇನೋ ಮಾತಾಡಿ ಆಮೇಲೆ ಬಾಯಿ ಮುಚ್ಚಿದನಂತೆ. ಆಮೇಲೆ ಸೇರಿದ ಕೆಲಸದವರು ಮೊದಮೊದಲು ಅವನನ್ನು ಮೂಗ ಎಂದೇ ತಿಳಿಯುತ್ತಿದ್ದರಂತೆ. ಭಾನುವಾರ ಮಾತ್ರ ಒಬ್ಬ ಎತ್ತರದ ಹೆಂಗಸು ಬಸ್ಸು ಬದಲಿಸಿ ಬರುತ್ತಿದ್ದಳು. ಬಂದವಳೇ ಅವನ ಮೇಲೆ ಕೂಗಾಡುತ್ತಿದ್ದಳು, ಅವನೂ ಕೂಗಾಡುತ್ತಿದ್ದ. ಮೊದಲ ಸಲ ಸಿಸ್ಟರ್‌ಗಳು ಹೆದರಿ ಅವಳನ್ನು ಹೊರಗೆ ಕಳಿಸಿದರಂತೆ. ಅಂದು ರಾತ್ರಿ ಮುದುಕ ಅತ್ತನಂತೆ. ಮುಂದಿನ ವಾರದಿಂದ ಬಿಟ್ಟರು. ಇಷ್ಟು ವರ್ಷ ಒಂದು ಭಾನುವಾರವೂ ತಪ್ಪಿಸಿರಲಿಲ್ಲ. “ಅವಳು ಆತನ ಹೆಂಡತಿಯೇ?” ಎಂದು ಸಿಸ್ಟರ್ ಕೇಳಿದರು. ನಾನು ತಲೆಯಾಡಿಸಿದೆ. ಹೌದೆಂದೋ ಅಲ್ಲವೆಂದೋ ನನಗೇ ಗೊತ್ತಿಲ್ಲ.

ದ್ಯಾವಪ್ಪ ಕಿಟಕಿಯ ಹತ್ತಿರದ ಮಂಚದಲ್ಲಿದ್ದ. ಹಾಸಿಗೆ ನಾನು ನೋಡಿದಷ್ಟೇ ಬಿಳಿ. “ದ್ಯಾವಪ್ಪ” ಎಂದೆ. ಇಡೀ ಮೈ ನನ್ನ ಕಡೆ ತಿರುಗಿತು.

“ಯಾರ್ರೀ? ನಮ್ಮ ಕಡಿಯವ್ರೇನ್ರಿ?”

“ನಾ ಮಲ್ಲಪ್ಪ. ಮೋತಿ ಡೊಂಗರದಾಂವ.”

“ಪ್ಯಾಂಟಪ್ಪ! ಬಾರೋ ಬಾ. ಇವ್ರಿಗಿ ಒಂದ ಮಾತು ಹೇಳು, ಇನ್ನಾ ಕಣ್ಣಿಗಿ ಔಷಧ ಹಾಕಿಲ್ಲ ಅಂತ. ನಾ ಹೇಳಿದ್ದು ತಿಳಿಯಾಂಗಿಲ್ಲ ಇವ್ರಿಗಿ.” ನನ್ನ ತೋಳು ಹುಡುಕಿ ಹಿಡಿದ. “ಆ ಹೆಣ್ಮಗಳು ಯಾಕ ಬಂದಿಲ್ಲ? ಹೋದ ಸಲ ನಾ ಗೆದ್ದೀನಂತ ಸಿಟ್ಟ ಮಾಡ್ಯಾಳೇನು?”

ಸುಳ್ಳು ಹೇಳಬೇಕೆಂದಿದ್ದೆ. ಬಾಯಿಗೆ ಬರಲಿಲ್ಲ. “ಖಾಜಾಬಿ ತೀರಿಕೊಂಡ್ಳು” ಎಂದೆ.

ಆತ ತೋಳು ಬಿಡಲಿಲ್ಲ. ಆಮೇಲೆ, “ಆಟ ಅರ್ಧಕ್ಕ ಬಿಟ್ಟ ಹ್ವಾದ್ಳು ರಂಡಿ” ಎಂದ. ಮುಖ ಒರೆಸಿಕೊಂಡ. ಸಿಸ್ಟರ್ ಗಂಜಿಯ ಬಟ್ಟಲು ತಂದು ನನ್ನ ಕೈಗೆ ಕೊಟ್ಟು ಹೋದರು.

“ಗಂಜಿ ತಂದಾರ. ಉಣ್ಣು” ಎಂದೆ.

“ಹಿಂಗ ಹೇಳಿದ್ರ ಹ್ಯಾಂಗ ಇಳೀತೈತೋ?” ಎಂದ. “ಬೈ ನನ್ನ. ಬಾಯಿ ತುಂಬ ಬೈ. ನಿನಗ ಬರ್ತೈತಿ, ನೀನೂ ನಮ್ಮ ಕಡಿಯಾಂವಲ್ಲ?”

ಬಾಗಿಲ ಹಿಂದೆ ನಿಂತು ಜೀವಮಾನವೆಲ್ಲ ಖಾಜಾಬಿಯನ್ನು ಬೈದವನು ನಾನು. ಬೈಗುಳಕ್ಕೆ ನನ್ನಲ್ಲಿ ಬರಗಾಲವಿರಲಿಲ್ಲ. ಒಂದೂ ಹೊರಡಲಿಲ್ಲ. ಆತ ತೋಳು ಬಿಟ್ಟು, ಕಿವಿಯನ್ನು ನನ್ನತ್ತ ಮಾಡಿ, ಬಾಯಿ ಅರ್ಧ ತೆರೆದು ಕಾದ. ನಾನು ಬಟ್ಟಲನ್ನು ಸದ್ದಾಗದಂತೆ ಕಿಟಕಿಯ ಕಟ್ಟೆಯ ಮೇಲಿಟ್ಟೆ. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೆ. ಕುರುಡನ ಮುಂದಿನಿಂದ ಕಳ್ಳನಂತೆ, ಬರಿಗಾಲಲ್ಲಿ, ಒಂದೊಂದೇ ಹೆಜ್ಜೆ ಇಡುತ್ತ ಹೊರಗೆ ಬಂದೆ.

ಗೇಟಿನವರೆಗೂ ಆತನ ದನಿ ಕೇಳಿಸುತ್ತಿತ್ತು.

“ಬೈಯೋ. ಯಾಕ ಸುಮ್ನಾದಿ? ಬೈ.”